ಬಂಗಲೆಯ ಹೂದೋಟವೂ ಬೀಡಿನ ಗುಡಿಯೂ

ಮನೆಗೆ ಬಂದ ಅತಿಥಿಯನ್ನು ಆದರಿಸುವುದು ನಮ್ಮ ನಾಡಿನಲ್ಲಿ ಪುರಾತನವಾದ ಧರ್ಮವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಅತಿಥಿಯು ತನಗೆ ಬೇಕಾದ ಮನೆಯನ್ನು ತಾನೇ ಕಟ್ಟಿಸಿಕೊಂಡು, ತನ್ನ ಊರಿನ ಹೂಗಿಡಗಳನ್ನು ಅಂಗಳದಲ್ಲಿ ನೆಡಿಸಿ, ಬಿಡುವು ದೊರೆತ ದಿನಗಳಲ್ಲಿ ನಮ್ಮ ಗುಡಿಗೋಪುರಗಳನ್ನು ನೋಡಿಬರಲು ಹೊರಟರೆ, ಅವನನ್ನು ಅತಿಥಿಯೆಂದು ಕರೆಯಬೇಕೋ ಒಡೆಯನೆಂದು ಕರೆಯಬೇಕೋ ಎಂಬ ಸಂದೇಹ ಹುಟ್ಟುವುದು ಸಹಜ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಡೆ ಸಂಚರಿಸಿದವರೆಲ್ಲರೂ ಹಳೆಯ ಕಾಲದ ಇಂಗ್ಲಿಷ್ ಬಂಗಲೆಯೆಂಬ ವಸ್ತುವನ್ನು ಒಂದಲ್ಲ ಒಂದು ಕಡೆ ಕಂಡಿರುತ್ತಾರೆ. ಹೆಂಚಿನ ಇಳಿಜಾರು ಮಾಡು, ಅಗಲವಾದ ಜಗಲಿ, ಎರಡು ಮೂರು ಕೊಠಡಿಗಳು, ಹಿಂದೆ ಬೇರೆಯಾಗಿ ನಿಂತ ಅಡಿಗೆಯ ಮನೆ, ಮುಂದೆ ಕಲ್ಲು ಕಟ್ಟಿದ ಹೂವಿನ ಮಡಿಗಳು: ಇಷ್ಟೇ ಅದರ ಸ್ವರೂಪ. ಇದರಲ್ಲಿ ಚರಿತ್ರೆಯೇನಿದೆ ಎಂದು ವಾಚಕರು ಕೇಳಬಹುದು. ಹೊಯ್ಸಳರ ಶಿಲ್ಪದ ಮಗ್ಗುಲಲ್ಲಿ ಈ ಸಾಮಾನ್ಯ ಕಟ್ಟಡವನ್ನು ಕುರಿತು ಬರೆಯುವುದು ಅಪಹಾಸ್ಯಕ್ಕೆ ಎಡೆಯಾದೀತೆಂಬ ಅಂಜಿಕೆಯೂ ನಮಗಿದೆ. ಆದರೂ ಈ ಬಂಗಲೆಯ ತೋಟಕ್ಕೂ ಆ ಬೀಡಿನ ಗುಡಿಗೂ ಒಂದು ಸಂಬಂಧವುಂಟು. ಆ ಸಂಬಂಧದಲ್ಲಿ ನಾವು ಕಲಿಯತಕ್ಕ ಪಾಠವೂ ಒಂದುಂಟು. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಬಂಗಲೆಗೆ ಮುಂಚಿನ ಸ್ಥಿತಿಯನ್ನು ನೋಡೋಣ. ದಾರಿಹೋಕನಿಗೆ ತಂಗುವ ಎಡೆಯನ್ನು ಒದಗಿಸುವ ಪದ್ಧತಿಯನ್ನು ಇಂಗ್ಲಿಷರು ನಮಗೆ ಕಲಿಸಿದರೆಂಬುದು ಸರಿಯಲ್ಲ. ನಮ್ಮ ಶಾಸನಗಳಲ್ಲಿ ಸತ್ರ, ಅರವಟ್ಟಿಗೆ, ಕೆರೆ, ಬಾವಿಗಳ ದತ್ತಿಗಳು ಮೇಲಿಂದ ಮೇಲೆ ಬರುತ್ತವೆ. ದೇವರ ಪೂಜೆಗೆ ಹೂವು ಒದಗಲೆಂದು ಹೂದೋಟಕ್ಕೆ ನೆಲ ಬಿಟ್ಟುಕೊಟ್ಟ ದಾನಗಳೂ ಹಾಗೆಯೇ ಕಾಣುತ್ತವೆ. ಆ ಕಾಲದ ತೋಟಕ್ಕೆ ಒಂದು ಗೊತ್ತಾದ ಉದ್ದೇಶವಿತ್ತು: ಅಲ್ಲಿ ಅರಳಿದ ಮಲ್ಲಿಗೆಯೂ ಸಂಪಿಗೆಯೂ ಗರ್ಭಗೃಹಕ್ಕೆ ಸೇರಬೇಕು. ನೋಡುವುದಕ್ಕಾಗಿಯೇ ತೋಟವೆಂಬ ಭಾವನೆ ಅರಮನೆಯ ನಂದನವನಗಳಲ್ಲಿ ಇದ್ದಿರಬಹುದೇ ಹೊರತು ದಾರಿಯ ಬದಿಯ ತಂಗುಮನೆಯಲ್ಲಿರಲಿಲ್ಲ. ಛತ್ರದ ಮುಂದೆ ಒಂದು ಅರಳಿಕಟ್ಟೆ, ಹಿಂದೆ ಒಂದು ಬಾವಿ, ಒಂದು ತುಳಸಿಯ ವೃಂದಾವನ ಇದ್ದರೆ ಸಾಕಾಗಿತ್ತು.

ಇಂಗ್ಲಿಷ್ ಬಂಗಲೆ ನಮ್ಮ ಸೀಮೆಗೆ ಬಂದದ್ದು ರಸ್ತೆಯ ಬೆನ್ನು ಹಿಡಿದು. 1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು. 1881ರವರೆಗೂ ಹಾಗೆಯೇ ಇದ್ದಿತು. ಈ ಐವತ್ತು ವರ್ಷಗಳಲ್ಲಿ, ವಿಶೇಷವಾಗಿ 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಸಾಹೇಬರ ಕಾಲದಲ್ಲಿ, ಗಾಡಿಯ ರಸ್ತೆಗಳೂ ಘಟ್ಟದ ದಾರಿಗಳೂ ಸಿದ್ಧವಾದವು. ರಸ್ತೆಯ ಎರಡು ಬದಿಗೂ ಸಾಲುಮರಗಳನ್ನು ಬೆಳೆಸಿದರು. ಅದೇ ಸಮಯಕ್ಕೆ ಚಿಕ್ಕಮಗಳೂರು, ಮಂಜರಾಬಾದುಗಳ ಕಾಡುಗಳಲ್ಲಿ ಐರೋಪ್ಯರ ಕಾಫಿಯ ತೋಟಗಳು ಎದ್ದವು. ಮಂಜರಾಬಾದಿನಲ್ಲಿ 1856ರ ಹೊತ್ತಿಗೆ ತೋಟ ಹೂಡಿ, ತನ್ನ ಅನುಭವಗಳನ್ನು 1871ರಲ್ಲಿಯೂ 1894ರಲ್ಲಿಯೂ ಎರಡು ಗ್ರಂಥಗಳಲ್ಲಿ ಬರೆದಿಟ್ಟ ಎಲಿಯಟ್ ಎಂಬ ಸ್ಕಾಟ್ಲೆಂಡಿನ ತೋಟಗಾರನ ಹೆಸರನ್ನು ಕೆಲವರು ಕೇಳಿರಬಹುದು. ತೋಟಗಾರರು, ಅಮಲ್ದಾರಿಕೆಯ ಮೇಲ್ವಿಚಾರಣೆಗೆ ಬರುವ ಅಧಿಕಾರಿಗಳು, ಅಳತೆಯವರು, ಇಂಜಿನಿಯರುಗಳು, ಇವರೆಲ್ಲರ ತಂಗುವಿಕೆಗಾಗಿ ದಾರಿಯುದ್ದಕ್ಕೂ ಬಂಗಲೆಗಳು ಬೇಕಾದವು. ಸರ್ಕಾರದವರು ಅವನ್ನು ತರಗತಿಗಳಾಗಿ ವಿಂಗಡಿಸಿ, ಬಾಡಿಗೆಯನ್ನು ಗೊತ್ತುಮಾಡಿ, ಕಾವಲಿನವನನ್ನು ನೇಮಿಸಿದರು.

ಇಲ್ಲಿ ಒಂದು ವಿನೋದವನ್ನು ಹೇಳದೆ ಬಿಡಲಾಗದು. ಇಂಗ್ಲಿಷರದೆಂದು ನಾವು ಕರೆಯುವ ಈ ಮನೆಯ ಹೆಸರು ಇಂಗ್ಲಿಷಿನದಲ್ಲ. ಬಂಗಾಳದ ಮಾದರಿಯ ಹುಲ್ಲುಮನೆಗೆ ಉತ್ತರದೇಶದವರು ಹೇಳುತ್ತಿದ್ದ 'ಬಂಗ್ಲಾ' ಎಂಬ ಮಾತೇ ಪರಂಗಿಯವರ ಬಾಯಿಗೆ ಹೋಗಿ, ಅಲ್ಲಿಂದ ದೊರೆಯ ಉಡುಪನ್ನು ತೊಟ್ಟುಕೊಂಡು ನಮ್ಮಲ್ಲಿಗೆ ಬಂದಿತು. ಅಡಿಗೆಯ ಖಾನ್‌ಸಾಮನ ಹೆಸರು ಪಾರಸಿಯದು. ಹೀಗೆ ಇಂಗ್ಲಿಷ್ ಅತಿಥಿಗೃಹವೆಂಬುದು ಹತ್ತು ಕಡೆಯ ಸರಕು ಸೇರಿ ಆದ ಕಟ್ಟಡ.

ಆದರೆ ಅದರ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ. ಬಂಗಲೆಯು ಮುಖ್ಯವಾಗಿ ಐರೋಪ್ಯರ ಅನುಕೂಲಕ್ಕೆ. ದೇಶೀಯ ಪ್ರಯಾಣಿಕರಿಗೆ ಮುಸಾಫಿರ್‌ಖಾನೆ, ಛತ್ರಗಳು: ಹೀಗೆಂದು ರೂಢಿಯಾಗಿದ್ದಿತು. ಇದನ್ನು ಹೇಳುವಾಗ ನಮ್ಮ ಛತ್ರಗಳಲ್ಲಿಯೂ ಪಂಕ್ತಿಯ ಭೇದವಿದ್ದಿತೆಂಬುದನ್ನು ಮರೆಮಾಚುವುದು ನ್ಯಾಯವಲ್ಲ. ಒಬ್ಬರು ಬಣ್ಣದಿಂದ ಬಾಗಿಲು ಮುಚ್ಚಿದರು, ಮತ್ತೊಬ್ಬರು ಕುಲದಿಂದ ಮುಚ್ಚಿದರು. ಹಿಂದೂಸ್ಥಾನದ ಡಾಕ್ ಬಂಗಲೆಗಳ ಒಂದು ನಿಯಮ ಮಾತ್ರ ಮೆಚ್ಚತಕ್ಕದ್ದಾಗಿದ್ದಿತು: ಒಂದು ಹಗಲಿರುಳು ತಂಗಿದವನು, ಹೊಸಬನು ಬಂದಾಗ ಎಡೆಯನ್ನು ಬಿಟ್ಟುಕೊಡಬೇಕು. ಅತಿಥಿಗೆ ತಾನು ಅತಿಥಿಯೆಂಬ ನೆನಪು ಇರಬೇಕೆಂಬುದೇ ಅದರ ತಾತ್ಪರ್ಯ. ಬಂಗಲೆಯಲ್ಲಿ ಪಾಲಿಸಿದ ಈ ನಿಯಮವನ್ನು ರಾಜ್ಯದ ವಿಷಯದಲ್ಲಿ ಪಾಲಿಸಲು ಅವರಿಗೆ 1947ರವರೆಗೆ ಹಿಡಿಯಿತು.

ಇನ್ನು ತೋಟದ ವಿಚಾರ. ಅರಸೀಕೆರೆಯ ಸೀಮೆ ಬಯಲು, ಮಳೆ ಕಡಮೆ, ತೆಂಗಿಗೆ ಹೆಸರಾದ ನೆಲ. ಅಲ್ಲಿಂದ ಪಡುವಲಿಗೆ ಹೋದಂತೆ ಮಳೆ ಹೆಚ್ಚುತ್ತಾ ಹೋಗಿ, ಬೇಲೂರು ತಾಲ್ಲೂಕಿನ ಪಶ್ಚಿಮಭಾಗದಲ್ಲಿ ಕಾಫಿಯ ಮಲೆನಾಡು ಮೊದಲಾಗುತ್ತದೆ. ಒಂದೇ ದಿನದ ಪ್ರಯಾಣದಲ್ಲಿ ಎರಡು ಋತುಮಾನಗಳನ್ನು ಕಾಣತಕ್ಕ ಪ್ರದೇಶವಿದು. ಆದಕಾರಣ ಬಂಗಲೆಯ ತೋಟಗಳೂ ಎರಡು ಬಗೆಯಾಗಿದ್ದವು. ಬಯಲಿನ ಕಡೆ ಬಾವಿಯ ನೀರನ್ನು ಸೇದಿ ಕುಂಡಗಳಲ್ಲಿ ಗಿಡಗಳನ್ನು ಕಾಪಾಡಬೇಕು. ಮಲೆಯ ಕಡೆ ಮಳೆಯ ಹೊಡೆತದಿಂದ ಗಿಡಗಳನ್ನು ಕಾಪಾಡಬೇಕು.

ವರ್ಷದ ಚಕ್ರವನ್ನು ನೋಡಿದರೆ, ನಮ್ಮ ರೈತನು ಭರಣಿ, ಕೃತ್ತಿಕೆಗಳೆಂದು ಮಳೆಯ ನಕ್ಷತ್ರಗಳನ್ನು ಎಣಿಸುತ್ತಿದ್ದ ಹೊತ್ತಿನಲ್ಲಿ ಬಂಗಲೆಯ ಮಾಲಿಯು ಬೇರೊಂದು ಪಂಚಾಂಗವನ್ನು ಅನುಸರಿಸುತ್ತಿದ್ದನು. ಮುಂಗಾರು ಕಳೆದು ನವರಾತ್ರಿಯ ಹೊತ್ತಿಗೆ ಸೀಮೆಯ ಹೂವಿನ ಬೀಜಗಳನ್ನು ಮಡಿಗಳಲ್ಲಿ ಬಿತ್ತಬೇಕು. ಫ್ಲಾಕ್ಸ್, ಆಸ್ಟರ್, ಪೆಟೂನಿಯ, ಜಿನಿಯಾ ಮೊದಲಾದ ಒಂದು ಋತುವಿನ ಗಿಡಗಳು ಮಾರ್ಗಶಿರದ ಮಂಜಿನಲ್ಲಿ ಬಲಿತು, ಸಾಹೇಬರ ಕ್ರಿಸ್ಮಸ್ ಹಬ್ಬದ ವೇಳೆಗೆ ಹೂ ಬಿಡಬೇಕು. ಇಂಗ್ಲೆಂಡಿನಲ್ಲಿ ಬೇಸಗೆಯಲ್ಲಿ ಅರಳತಕ್ಕ ಹೂಗಳು ನಮ್ಮಲ್ಲಿ ಚಳಿಗಾಲದಲ್ಲಿ ಅರಳಿದವು. ಅವರ ಬೇಸಗೆಯಷ್ಟು ಹದವಾದ ಕಾಲ ನಮ್ಮಲ್ಲಿ ಚಳಿಗಾಲವೇ. ಫಾಲ್ಗುಣ ಚೈತ್ರಗಳಲ್ಲಿ ಬೀಳುವ ಹೂಮಳೆಗೆ ಬಂಗಲೆಯ ಮಡಿಗಳು ಒಣಗಿರುತ್ತಿದ್ದವಾದರೂ, ಆ ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಪಡುವಲ ಗುಡ್ಡಗಳ ಕಾಫಿಯ ಗಿಡಗಳೆಲ್ಲ ಏಕಕಾಲದಲ್ಲಿ ಬೆಳ್ಳಗೆ ಅರಳಿ, ಮಲ್ಲಿಗೆಯನ್ನು ಹೋಲುವ ಪರಿಮಳವನ್ನು ದೂರದವರೆಗೆ ಚೆಲ್ಲುತ್ತಿದ್ದವು. ಆ ನೋಟ ಈಗಲೂ ವರ್ಷವರ್ಷವೂ ಉಂಟು. ವೈಶಾಖದ ಬಿಸಿಲಿನಲ್ಲಿ ಅಂಗಳದ ಗುಲ್‌ಮೊಹರ್ ಕೆಂಪಾಗಿ ಉರಿಯುವುದು. ಆಷಾಢದಲ್ಲಿ ಜಗಲಿಯ ಮೇಲೆ ಕುಳಿತು ಮಳೆಯನ್ನು ನೋಡುವುದೇ ಕೆಲಸ.

ಈ ತೋಟಗಳಿಗೆ ಬೀಜವೂ ಸಸಿಯೂ ಮಾದರಿಯೂ ಒದಗುತ್ತಿದ್ದ ದೊಡ್ಡ ನೆಲೆ ಬೆಂಗಳೂರಿನ ಲಾಲ್‌ಬಾಗು. 1874ರಿಂದ 1908ರವರೆಗೆ ಜಾನ್ ಕ್ಯಾಮರಾನ್ ಎಂಬವರೂ, ಆಮೇಲೆ 1932ರವರೆಗೆ ಜರ್ಮನಿಯ ಕ್ರುಂಬಿಗಲ್ ಎಂಬವರೂ ಅದರ ಆಡಳಿತವನ್ನು ನಡೆಸಿ ಹೊರದೇಶಗಳ ಎಷ್ಟೋ ಗಿಡಗಳನ್ನು ಸಂಸ್ಥಾನದಲ್ಲಿ ಹಬ್ಬಿಸಿದರು. ಹಾಗೆ ಬಂದವುಗಳಿಗೆಲ್ಲ ನಮ್ಮ ಜನರು 'ಸೀಮೆ' ಎಂಬ ಒಂದು ಮಾತನ್ನು ಮುಂದೆ ಹಚ್ಚಿ ಮನೆಗೆ ಸೇರಿಸಿಕೊಂಡರು. ಸೀಮೆಬದನೆ, ಸೀಮೆಹುಣಿಸೆ ಎಂದು ಹೇಳಿದಾಗ ಈಗ ಯಾರೂ ಹೊರಗಿನ ದೇಶವನ್ನು ನೆನೆಯುವುದಿಲ್ಲ. ಗುಲ್‌ಮೊಹರಿನ ತವರು ಮಡಗಾಸ್ಕರ್ ದ್ವೀಪ. ಕಾಗದದ ಹೂವಿನದು ಬ್ರೆಜಿಲ್. ಮಳೆಮರದ್ದು ಅಮೆರಿಕದ ಉಷ್ಣಸೀಮೆ. ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಮರದ್ದು ಆಸ್ಟ್ರೇಲಿಯ.

ಅಷ್ಟೇಕೆ, ಗುಡಿಯೊಳಗೂ ಅತಿಥಿಗಳಿದ್ದಾರೆ. ದೇವಾಲಯಗಳ ಆವರಣದಲ್ಲಿ ಮಡಿಯಿಂದ ಬೆಳೆದು ನಿಂತಿರುವ ದೇವಕಣಗಿಲೆ ಅಮೆರಿಕದ ಕಡೆಯಿಂದ ಬಂದದ್ದು. ಆಯುಧಪೂಜೆಗೂ ರಥೋತ್ಸವಕ್ಕೂ ನಾವು ಮೊಳದಲ್ಲಿ ಅಳೆದು ಕೊಳ್ಳುವ ಚೆಂಡುಹೂವು ಮೆಕ್ಸಿಕೋ ದೇಶದ್ದು. ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ ದಿನ ದೇವರ ಕೊರಳಿನಲ್ಲಿ ಈ ಹೂವಿರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಇತ್ತ, ಇಂಗ್ಲಿಷರ ಹೂಮಡಿಗಳಲ್ಲಿ ಮೆರೆಯುತ್ತಿದ್ದ ಕರ್ಣಕುಂಡಲದ ಗಿಡವು ನಮ್ಮ ಕಡೆಯಿಂದಲೇ ಅವರ ದೇಶಕ್ಕೆ ಹೋಗಿ, ಅಲ್ಲಿಂದ ಬೀಜದ ಪೊಟ್ಟಣದಲ್ಲಿ ಮರಳಿ ಬಂದದ್ದು. ಯಾರು ಅತಿಥಿ, ಯಾರು ಮನೆಯವರು ಎಂಬ ಲೆಕ್ಕವನ್ನು ಹೂವುಗಳು ಇಟ್ಟುಕೊಂಡಿಲ್ಲ.

ತೋಟವನ್ನು ಬಿಟ್ಟು ಈಗ ಸಂಚಾರಕ್ಕೆ ಹೊರಡೋಣ. ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ರೈಲುದಾರಿ 1889ರ ಸುಮಾರಿಗೆ ಪೂರ್ಣವಾದ ಮೇಲೆ ಈ ಭಾಗದ ಪ್ರವಾಸದ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಕುದುರೆ, ಮೇನೆ, ಎತ್ತಿನ ಗಾಡಿಗಳಲ್ಲಿ ದಿನಗಟ್ಟಲೆ ಬರಬೇಕಾಗಿದ್ದವರು, ಇನ್ನು ಮೇಲೆ ಅರಸೀಕೆರೆಯಲ್ಲಿಯೋ ಅದಕ್ಕೆ ಮುಂದಿನ ಬಾಣಾವರದಲ್ಲಿಯೋ ಇಳಿದು ಹಳೇಬೀಡಿಗೆ ಗಾಡಿ ಹೂಡಿಸಬಹುದಾಯಿತು. ಬಾಣಾವರದಿಂದ ಹಳೇಬೀಡಿಗೆ ಸುಮಾರು 18 ಮೈಲಿ. ಗಂಟೆಗೆ ಎರಡೂವರೆ ಮೂರು ಮೈಲಿ ನಡೆಯುವ ಎತ್ತುಗಳಿಗೆ ಅದು ಒಂದು ರಾತ್ರಿಯ ಹಾದಿ. ಹುಲ್ಲು ಹಾಸಿದ ಗಾಡಿಯಲ್ಲಿ ಮಲಗಿ ಹೊರಟವನು ಬೆಳಗಿನ ಜಾವಕ್ಕೆ ಕಣ್ಣು ತೆರೆದರೆ ದೋರಸಮುದ್ರದ ಕೆರೆಯ ಮೇಲಿನ ಮಂಜನ್ನು ಕಾಣುತ್ತಿದ್ದನು. ಮೈಸೂರಿನಿಂದ ಹಾಸನದ ಮೇಲೆ ಬರುವ ದಾರಿಯೂ 1910ರ ದಶಕದ ಕೊನೆಯ ಹೊತ್ತಿಗೆ ಅರಸೀಕೆರೆಯನ್ನು ಕೂಡಿಕೊಂಡಿತು. ಅರಸಿಯ ಕೆರೆಯೆಂಬ ಹೆಸರಿನ ಊರು ಈ ರೀತಿ ರೈಲಿನ ಕೂಡುದಾಣವೆಂದು ಪ್ರಸಿದ್ಧವಾಯಿತು.

ಅರಸೀಕೆರೆಯಲ್ಲಿ ಗಾಡಿ ಬದಲಾಯಿಸುವವರಿಗೆ ನಾಲ್ಕಾರು ಗಂಟೆಗಳ ಬಿಡುವು ದೊರೆಯುತ್ತಿದ್ದಿತು. ಆ ಬಿಡುವಿನಲ್ಲಿ ನೋಡತಕ್ಕದ್ದು ಊರಿನ ಈಶ್ವರ ದೇವಾಲಯ. 1220ರ ಸುಮಾರಿನ ಈ ಗುಡಿಯ ಮುಂದಿನ ಮಂಟಪವು ನಕ್ಷತ್ರದ ಆಕಾರದಲ್ಲಿದೆ; ಹೊಯ್ಸಳರ ಗುಡಿಗಳಲ್ಲಿ ಅಂಥದು ಅಪೂರ್ವ. ಅದೇ ಊರಿನ ಸಹಸ್ರಕೂಟ ಜಿನಾಲಯವೂ ಆ ಕಾಲದ್ದೇ. ಐದಾರು ಮೈಲಿಯ ಹಾರನಹಳ್ಳಿಗೆ ಹೋದರೆ 1230ರ ದಶಕದ ಲಕ್ಷ್ಮೀನರಸಿಂಹ, ಸೋಮೇಶ್ವರ ಗುಡಿಗಳು ಎದುರಾಗುತ್ತವೆ. ಮಾಲೇಕಲ್ಲು ತಿರುಪತಿಯ ಬೆಟ್ಟವನ್ನು ಹತ್ತಬಯಸುವವರಿಗೆ ಅದೂ ಹತ್ತಿರವೇ. ಆದರೆ ಬಂಗಲೆಯ ಅತಿಥಿಗಳಲ್ಲಿ ಬಹುಮಂದಿ ಇವುಗಳ ಕಡೆಗೆ ತಿರುಗದೆ, ಕೈಪಿಡಿಯಲ್ಲಿ ಅಚ್ಚಾದ ಎರಡು ಹೆಸರುಗಳನ್ನೇ ಹಿಡಿದು ಹಳೇಬೀಡಿಗೂ, ಅಲ್ಲಿಂದ ಹತ್ತು ಮೈಲಿಯ ಬೇಲೂರಿಗೂ ನಡೆದುಬಿಡುತ್ತಿದ್ದರು. ನಮ್ಮವರೂ ಈಗ ಹಾಗೆಯೇ ಮಾಡುತ್ತಾರೆಂಬುದು ಬೇರೆಯ ಮಾತು.

ಈ ಅತಿಥಿಗಳನ್ನು ನಾವು ಹಗುರವಾಗಿ ಕಾಣಬಾರದು. 1800-01ರಲ್ಲಿ ಮೈಸೂರನ್ನು ಸುತ್ತಿದ ವೈದ್ಯ ಬುಕಾನನ್ ಹಳೇಬೀಡಿನ ಗುಡಿಯನ್ನು ಕಂಡು ಬರೆದಿಟ್ಟನು. ಮನುಷ್ಯರ ಮತ್ತು ಪ್ರಾಣಿಗಳ ವಿಗ್ರಹಗಳು ಅವನಿಗೆ ರುಚಿಸಲಿಲ್ಲ. ಎಲೆಬಳ್ಳಿಗಳ ಕೆತ್ತನೆಯನ್ನು ಮಾತ್ರ ಒಪ್ಪಿದನು. ಅವನು ಸಸ್ಯಶಾಸ್ತ್ರವನ್ನು ಬಲ್ಲವನು. ಕಲ್ಲಿನಲ್ಲಿಯೂ ಅವನ ಕಣ್ಣು ಬಳ್ಳಿಯನ್ನೇ ಹುಡುಕಿತೆನ್ನಬಹುದು. ಅಲ್ಲಿಂದ ಅರ್ಧ ಶತಮಾನದ ಮೇಲೆ ಓಕ್ಲಿ ಎಂಬವನು ಛಾಯಾಚಿತ್ರದ ಪೆಟ್ಟಿಗೆಯನ್ನು ಹೊತ್ತು ತಂದು, ಹಳೇಬೀಡಿನ ಗುಡಿಯ ಪಟಗಳನ್ನು 1859ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ವೈದ್ಯ ನೀಲ್ ಮೊದಲಾದವರು ತೆಗೆದ ಪಟಗಳೊಡನೆ ಧಾರವಾಡ ಮೈಸೂರು ಸೀಮೆಗಳ ವಾಸ್ತುವನ್ನು ಕುರಿತ ದೊಡ್ಡ ಗ್ರಂಥವೊಂದು 1866ರಲ್ಲಿ ಹೊರಬಂದಿತು. ಅದಕ್ಕೆ ವಾಸ್ತುವಿವರಣೆಯನ್ನು ಬರೆದ ಫರ್ಗುಸನ್ ಪಂಡಿತನು ಹತ್ತು ವರ್ಷಗಳ ತರುವಾಯ, 1876ರ ತನ್ನ ಗ್ರಂಥದಲ್ಲಿ, ಹಳೇಬೀಡಿನ ದೇವಾಲಯವನ್ನು ಗ್ರೀಸ್ ದೇಶದ ಪಾರ್ಥೆನಾನ್ ಗುಡಿಯೊಡನೆ ತೂಗಿ, ಕಟ್ಟಡದ ಕಲೆಯಲ್ಲಿ ಅವೆರಡೂ ಎರಡು ತುದಿಗಳೆಂದು ತೀರ್ಮಾನಿಸಿದನು. ಹಳೇಬೀಡಿನ ಹೆಸರು ಜಗತ್ತಿನ ವಿದ್ವಾಂಸರ ಬಾಯಲ್ಲಿ ನಿಂತದ್ದು ಆಗಿನಿಂದ.

ಆ ಪಟಗಳಲ್ಲಿ ಒಂದನ್ನು ವಾಚಕರು ಮನಸ್ಸಿನ ಮುಂದೆ ತಂದುಕೊಳ್ಳಬೇಕು. ಹೊಯ್ಸಳೇಶ್ವರಕ್ಕೆ ಅನತಿದೂರದಲ್ಲಿರುವ ಕೇದಾರೇಶ್ವರನ ಗುಡಿಯ ಚಿತ್ರವದು. ಎರಡನೆಯ ಬಲ್ಲಾಳನ ಕಾಲದಲ್ಲಿ, 1219ರ ಸುಮಾರಿಗೆ, ಆ ಅರಸನೂ ರಾಣಿ ಅಭಿನವ ಕೇತಲದೇವಿಯೂ ಕಟ್ಟಿಸಿದ್ದು. ಮಿಕ್ಕ ಗುಡಿಗಳು ಶಿಖರವಿಲ್ಲದೆ ನಿಂತಿದ್ದ ಹಳೇಬೀಡಿನಲ್ಲಿ ಇದರ ಕಲ್ಲಿನ ಶಿಖರ ಮಾತ್ರ ಉಳಿದಿದ್ದಿತು. ಆದರೆ ಪಟವನ್ನು ನೋಡಿದರೆ ಶಿಖರದ ಸಂದುಗಳಿಂದ ಗಿಡಗಳು ಎದ್ದು ನಿಂತಿವೆ. ಹಕ್ಕಿ ತಿಂದು ಹಾಕಿದ ಆಲ ಅರಳಿಯ ಜಾತಿಯ ಬೀಜವು ಕಲ್ಲಿನ ಬಿರುಕಿನಲ್ಲಿ ಮೊಳೆಯಲು ಒಂದು ಚಿಟಿಕೆ ಧೂಳು ಸಾಕು. ಮೊದಲ ವರ್ಷ ಅದನ್ನು ಬೆರಳಿನಿಂದ ಕೀಳಬಹುದು. ಹತ್ತು ವರ್ಷವಾದರೆ ಕೊಡಲಿ ಬೇಕು. ಐವತ್ತು ವರ್ಷವಾದರೆ ಕೀಳುವುದಕ್ಕೆ ಹೋದರೂ ಗುಡಿ ಬೀಳುತ್ತದೆ, ಬಿಟ್ಟರೂ ಬೀಳುತ್ತದೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲನ್ನು ಹೆಣೆದ ಹೊಯ್ಸಳರ ಕಟ್ಟಡದಲ್ಲಿ ಬೇರು ದಪ್ಪವಾದಷ್ಟೂ ಹೆಣಿಗೆ ಸಡಿಲುತ್ತದೆ. ಕೇದಾರೇಶ್ವರಕ್ಕೆ ಆದದ್ದು ಅದೇ. ಆಮೇಲಿನ ದಶಕಗಳಲ್ಲಿ ಶಿಖರ ಉರುಳಿತು. ಉಳಿದ ಭಾಗವನ್ನು ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಶಿಖರ ಮಾತ್ರ ಈಗ ಪಟದಲ್ಲಿಯೇ ಇದೆ.

ಬಂಗಲೆಯ ತೋಟಕ್ಕೂ ಗುಡಿಗೂ ಇರುವ ಸಂಬಂಧವೆಂದು ನಾವು ಮೊದಲಲ್ಲಿ ಹೇಳಿದ್ದು ಇದನ್ನೇ. ಮಾಲಿಯೊಬ್ಬನು ಸಂಬಳ ಪಡೆದು, ಸೀಮೆಯ ಹೂಮಡಿಗಳಲ್ಲಿ ಒಂದು ಕಳೆಯ ಎಳೆಯೂ ಏಳದಂತೆ ದಿನಬೆಳಗಾದರೆ ಕಿತ್ತುಹಾಕುತ್ತಿದ್ದ ಕಾಲದಲ್ಲಿಯೇ, ಆರುನೂರು ವರ್ಷಗಳ ಶಿಖರದ ಮೇಲೆ ಕಳೆಯು ಮರವಾಗಿ ಬೆಳೆಯಿತು. ರಸ್ತೆಯ ಬದಿಯಲ್ಲಿ ಸಾಲಾಗಿ ನೆಟ್ಟ ಆಲದ ಮರ ದಾರಿಹೋಕನಿಗೆ ನೆರಳಾಯಿತು. ಗೋಪುರದಲ್ಲಿ ತಾನೇ ಮೊಳೆತ ಅದರ ದಾಯಾದಿ ಗುಡಿಗೆ ಮೃತ್ಯುವಾಯಿತು. ಮರದಲ್ಲಿ ದೋಷವಿಲ್ಲ. ಎಲ್ಲಿ ಬೆಳೆಯಬೇಕು, ಎಲ್ಲಿ ಬೆಳೆಯಬಾರದೆಂದು ನೋಡಿಕೊಳ್ಳುವ ಒಂದು ಕೈ ಬೇಕಾಗಿದ್ದಿತು. ಆ ಕೈ ಅಲ್ಲಿರಲಿಲ್ಲ.

ಈ ಲೋಪವನ್ನು ಯಾರ ಮೇಲೆ ಹೊರಿಸುವುದು? ಆಳುವ ಸರ್ಕಾರ ಅವರದಾಗಿದ್ದಿತು. ಹಣವೂ ಅಧಿಕಾರವೂ ಅವರಲ್ಲಿದ್ದವು. ಆದಕಾರಣ ಅವರ ಪಾಲು ದೊಡ್ಡದೇ. ಪಟ ತೆಗೆದವರೂ ಬರೆದವರೂ ಇದ್ದರು. ಏಣಿ ಹಾಕಿದವರು ಸಕಾಲದಲ್ಲಿ ಇರಲಿಲ್ಲ. ಆದರೆ ನಮ್ಮ ಪಾಲನ್ನೂ ನಾವು ಒಪ್ಪಿಕೊಳ್ಳಬೇಕು. ಹಳೇಬೀಡಿನ ಸುತ್ತಿನ ಹಳ್ಳಿಗಳಲ್ಲಿ ಆಗ ಜನರಿರಲಿಲ್ಲವೇ? ತೆಂಗಿನ ಮರವನ್ನು ಹತ್ತಬಲ್ಲವರು ಇರಲಿಲ್ಲವೇ? ಶಿವನ ಗುಡಿಯ ಮೇಲೆ ಬೆಳೆದ ಅರಳಿಯನ್ನು ಕಡಿಯುವುದು ಪಾಪವೆಂದು ಕೆಲವರು, ಪಾಳುಗುಡಿ ತಮಗೆ ಸೇರಿದ್ದಲ್ಲವೆಂದು ಕೆಲವರು, ಸರ್ಕಾರದ ಕೆಲಸವೆಂದು ಉಳಿದವರು ಸುಮ್ಮನಾಗಿರಬೇಕು. ಪೂಜೆ ನಡೆಯುತ್ತಿದ್ದ ಬೇಲೂರಿನ ಗತಿ ಇದಕ್ಕಿಂತ ಮೇಲಾಗಿದ್ದಿತು. ಅಲ್ಲಿಯೂ ಗರ್ಭಗೃಹದ ಮೇಲಿನ ಇಟ್ಟಿಗೆ ಮರಗಳ ಶಿಖರವನ್ನು 19ನೆಯ ಶತಮಾನದಲ್ಲಿ ಇಳಿಸಬೇಕಾಯಿತಾದರೂ ಗುಡಿ ಉಳಿಯಿತು. ಮದನಿಕೆಯರು ಕಂಬದ ಮೇಲೆ ನಿಂತೇ ಇದ್ದಾರೆ. ದಿನವೂ ಬಾಗಿಲು ತೆಗೆಯುವವನೊಬ್ಬನು ಇರುವ ಮನೆ ಬೇಗ ಬೀಳುವುದಿಲ್ಲ.

ಕಾಲಕ್ರಮದಲ್ಲಿ ನಮ್ಮವರ ಕಣ್ಣೂ ತೆರೆಯಿತು. ರೈಸ್ ಸಾಹೇಬರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಅಚ್ಚು ಹಾಕಿಸಿದರು. ಅವರ ತರುವಾಯ ಸಂಸ್ಥಾನದ ಪ್ರಾಚೀನವಸ್ತುಶೋಧನ ಇಲಾಖೆಯನ್ನು ವಹಿಸಿಕೊಂಡ ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು ಕೇಶವ ದೇವಾಲಯವನ್ನು ಕುರಿತು 1919ರಲ್ಲಿ ಪ್ರತ್ಯೇಕ ಗ್ರಂಥವನ್ನೇ ಬರೆದರು. ಶಿಲ್ಪದ ಕೆಳಗೆ ಕನ್ನಡದಲ್ಲಿ ಕೊರೆದ ರೂವಾರಿಗಳ ಹೆಸರುಗಳನ್ನು ಓದಿ ಲೋಕಕ್ಕೆ ತಿಳಿಸಿದ್ದು ಬಂಗಲೆಯ ಅತಿಥಿಗಳ ಪಟಗಳಿಂದ ಆಗತಕ್ಕ ಕೆಲಸವಾಗಿರಲಿಲ್ಲ. ಅದಕ್ಕೆ ಕನ್ನಡವನ್ನು ಬಲ್ಲವರು ಬೇಕಾಗಿದ್ದಿತು. ಅತಿಥಿಯು ಗೋಡೆಯನ್ನು ನೋಡಿದನು. ಮನೆಯವನು ಗೋಡೆಯ ಮೇಲೆ ತನ್ನ ಹಿರಿಯರ ಅಂಕಿತವನ್ನು ಓದಿದನು.

ಈಗ ಬಂಗಲೆಯ ಕಾಲ ಕಳೆದಿದೆ. ಸರ್ಕಾರದ ಹಳೆಯ ಬಂಗಲೆಗಳಿಗೆ 'ಪ್ರವಾಸಿ ಮಂದಿರ'ವೆಂಬ ಹೆಸರು ಬಂದು, ಬಾಗಿಲಿನ ಬಣ್ಣದ ಭೇದ ಅಳಿದಿದೆ. ಹೊಯ್ಸಳೇಶ್ವರದ ಸುತ್ತ ಪುರಾತತ್ತ್ವ ಇಲಾಖೆಯವರು ಹಸುರು ಹಾಸಿ ಗಿಡಗಳನ್ನು ಒಪ್ಪವಾಗಿ ಇಟ್ಟಿದ್ದಾರೆ. ಬಂಗಲೆಯ ತೋಟವೇ ರಸ್ತೆಯನ್ನು ದಾಟಿ ಗುಡಿಯ ಅಂಗಳಕ್ಕೆ ಬಂದಿತೋ ಎನ್ನುವಂತಿದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಆ ಪಟ್ಟಿಯ ಹೊರಗೆ, ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ, ಕೈಪಿಡಿಗಳಲ್ಲಿ ಹೆಸರಿಲ್ಲದ ಚಿಕ್ಕ ಗುಡಿಗಳಿವೆ. ಅವುಗಳ ಮಾಡಿನ ಸಂದಿನಲ್ಲಿ ಈ ಮಳೆಗಾಲದಲ್ಲಿಯೂ ಎರಡೆಲೆಯ ಅರಳಿಯ ಸಸಿಗಳು ಕೆಂಪಗೆ ಚಿಗುರುತ್ತವೆ.

ಅವನ್ನು ಕೀಳುವುದಕ್ಕೆ ಪಾಂಡಿತ್ಯವೂ ಬೇಡ, ಹಣವೂ ಬೇಡ. ವರ್ಷಕ್ಕೊಮ್ಮೆ, ಸ್ವಾತಿಯ ಮಳೆ ನಿಂತ ಮೇಲೆ, ಊರಿನ ನಾಲ್ಕು ಜನ ತರುಣರು ತಿಳಿದವರನ್ನು ಕೇಳಿಕೊಂಡು, ಅಪ್ಪಣೆ ಬೇಕಾದಲ್ಲಿ ಅಪ್ಪಣೆ ಪಡೆದು, ಏಣಿಯೊಂದನ್ನು ಹಿಡಿದು ಹೋದರೆ ಸಾಕು. ಬೇರು ದಪ್ಪವಾಗಿದ್ದರೆ ತಾವು ಕೈಹಚ್ಚದೆ ಇಲಾಖೆಯವರಿಗೆ ಬರೆಯಬೇಕು; ಬೆರಳಿಗೆ ಸಿಕ್ಕುವಷ್ಟು ಎಳೆಯದಾಗಿದ್ದರೆ ಅಂದೇ ತೆಗೆಯಬೇಕು. ಅತಿಥಿಗಳು ಬಂದು ನೋಡಿ, ಮೆಚ್ಚಿ, ಪಟ ತೆಗೆದುಕೊಂಡು ಹೋಗುತ್ತಾರೆ. ಮುಂದೆಯೂ ಬರಲಿ, ಅವರಿಗೆ ಒಳ್ಳೆಯ ಎಡೆಯೂ ಅಂಗಳದಲ್ಲಿ ನಾಲ್ಕು ಹೂವೂ ಇರಲಿ. ಕಳೆ ಕೀಳುವ ಕೆಲಸ ಮಾತ್ರ ಎಂದಿಗೂ ಮನೆಯವರದು.